ಬಸ್ಸಿಗೆ ಎರಡು ಸ, ಕಾರಿಗೆ ಒಂದೇ ರ

‘ಅಕ್ಕ, ಬಸ್ಸು ಅನ್ನೋವಾಗ ಎರಡು ಸ. ಕಾರು ಅನ್ನೋವಾಗ ಒಂದೇ ರ. ಯಾಕೆ?’

ಭಾನುವಾರ ಬೆಳಗ್ಗೆ ಸೊಪ್ಪು ಬಿಡಿಸುತ್ತಾ ಕೂತವಳನ್ನು ಕೇಳುವ ಪ್ರಶ್ನೆಯೇ ಇದು? ಕೇಳಿದ್ದು ಸಬಿತಾ. ಒಡಿಶಾದ ಹುಡುಗಿ. ದೊಡ್ಡಬಳ್ಳಾಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ.

‘ಅದು ಹಂಗೇ ಕಣಮ್ಮ. ಅಭ್ಯಾಸ ಆಗುತ್ತೆ’ ಎಂದೆ. (ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವಳ ಉತ್ತರ ಇದು. ನಗಬೇಡಿ.)

‘ಹಂಗೇ ಅಂದ್ರೆ ನಾನು ಹೆಂಗೆ ಕಲೀಲಿ ಅಕ್ಕ?’

ಅವಳ ಕಣ್ಣು ತುಂಬಿತ್ತು. ಆಗ ವಿಷಯ ಹೊರಗೆ ಬಂತು. ಫ್ಯಾಕ್ಟರಿಯಲ್ಲಿ ಅವಳ ಸಾಲಿಗೆ ಲೀಡರ್ ಬೇಕಂತೆ. ಕೆಲಸದಲ್ಲಿ ಇವಳೇ ಮುಂದು. ಆದರೆ ಲೀಡರ್ ಆದವಳು ಪ್ರತಿ ಶಿಫ್ಟಿನ ಶುರುವಿನಲ್ಲಿ ಎಲ್ಲರೆದುರು ನಿಂತು ಸುರಕ್ಷತೆಯ ಸೂಚನೆಗಳನ್ನು ಕನ್ನಡದಲ್ಲಿ ಹೇಳಬೇಕು. ಮೊನ್ನೆ ಒಮ್ಮೆ ಹೇಳಿಸಿ ನೋಡಿದ್ದಾರೆ. ಇವಳು ‘ಬಸು ಬಂದಾಗ ಗೇಟ್ಟು ಹತ್ರ ನಿಲ್ಲಬೇಡಿ’ ಅಂದಿದ್ದಾಳೆ. ಅಷ್ಟೇ. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿದೆ. ಅವತ್ತಿನಿಂದ ಅವಳು ಅಲ್ಲಿ ಬಾಯಿ ಬಿಟ್ಟಿಲ್ಲ. ಶುಕ್ರವಾರ ಇನ್ನೊಂದು ಅವಕಾಶ ಇತ್ತು.

ಕನ್ನಡ ಕಲಿಯಲ್ಲ ಅಂತ ಹೊರಗಿನವರನ್ನು ಬೈಯುತ್ತೇವೆ. ಕಲಿತು ಮಾತಾಡಿದರೆ ನಗುತ್ತೇವೆ. ಅವರು ಏನು ಮಾಡಬೇಕು?

ಸೊಪ್ಪು ಪಕ್ಕಕ್ಕಿಟ್ಟೆ. ಹಳೇ ಕ್ಯಾಲೆಂಡರಿನ ಹಾಳೆ ಕಿತ್ತು ಹಿಂದೆ ಬರೆಯತೊಡಗಿದೆವು. ನಾನು ಹೇಳುವುದು, ಅವಳು ಎರಡು ಸಾಲು ಮಾಡುವುದು. ಬಸ್ಸು, ಪೆನ್ನು, ನಟ್ಟು, ಬೆಲ್ಲು ಈ ಕಡೆ. ಕಾರು, ಗೇಟು, ರೋಡು, ಪೈಪು ಆ ಕಡೆ. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

‘ಅಕ್ಕ! ಹಿಂದಿನ ಸ್ವರ ಚಿಕ್ಕದಾದ್ರೆ ಡಬಲ್. ಉದ್ದ ಇದ್ರೆ ಸಿಂಗಲ್!’

ಹೌದಲ್ಲ! ನನ್ನ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತೆ? ತಪ್ಪು ಹುಡುಕಿದೆ. ‘ಹಸು, ಕರು, ಮಗು? ಇಲ್ಲೆಲ್ಲ ಡಬಲ್ ಇಲ್ವಲ್ಲ?’

‘ಅವೆಲ್ಲ ನಿಮ್ಮನೆ ಪದ ಅಕ್ಕ, ಹೆಂಗಾದ್ರೂ ಇರ್ತವೆ. ನಾನು ಹೇಳ್ತಿರೋದು ನನ್ನಂಗೆ ಹೊರಗಿಂದ ಬಂದಿರೋ ಪದಕ್ಕೆ.’

ಹಾಳೆಯ ತಲೆಯ ಮೇಲೆ ‘ಹೊರಗಿಂದ ಬಂದ ಪದ’ ಅಂತ ಬರೆದೆ.

ಆದರೂ ಪರೀಕ್ಷೆ ಆಗಲೇಬೇಕಲ್ಲ? ಪಕ್ಕದ ಮನೆಯ ಗೌರಜ್ಜಿ ಸಿಕ್ಕರು. ಎಪ್ಪತ್ತು ದಾಟಿದೆ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಮನೆಯ ಪವರ್‌ಲೂಮಿನ ಸದ್ದಿನಲ್ಲೇ ಬದುಕು ಕಳೆದವರು. ಕಾಂಪೌಂಡಿನ ಮೇಲಿಂದಲೇ ಒಂದು ಸುಳ್ಳು ಬಿಟ್ಟೆ.

‘ಅಜ್ಜೀ, ಸೀರೆ ಮಡಿಸೋಕೆ ಹೊಸ ಮಿಷನ್ ಬಂದಿದೆಯಂತೆ. ಜಿಬ್ ಅಂತೆ ಅದರ ಹೆಸರು.’

‘ಅದ್ಯಾವ್ದವ್ವಾ ಅದು ಜಿಬ್ಬು?’

ಸಬಿತಾ ನನ್ನ ಕೈ ಅದುಮಿದಳು. ನಾನು ಮಾತು ತಿದ್ದಿದೆ. ‘ಅಯ್ಯೋ ತಪ್ಪಾಯ್ತು ಅಜ್ಜಿ, ಜಿಬ್ ಅಲ್ಲ, ಜೀಬ್.’

‘ಜಿಬ್ಬೋ ಜೀಬೋ! ಆ ಜೀಬು ಬಂದ್ರೆ ಸೀರೆ ಮಡಿಸೋ ಎಣ್ಮಕ್ಳು ಎಲ್ಲಿಗೋಗ್ಬೇಕು?’

ಪ್ರಪಂಚದಲ್ಲೇ ಇಲ್ಲದ ಪದ. ಹತ್ತು ಸೆಕೆಂಡಿನ ಹಿಂದೆ ನಾನು ಹುಟ್ಟಿಸಿದ್ದು. ಅಜ್ಜಿಯ ನಾಲಿಗೆ ಎಲ್ಲಿ ಎರಡು ಬ ಹಾಕಬೇಕೋ ಅಲ್ಲಿ ಹಾಕಿತು, ಎಲ್ಲಿ ಬೇಡವೋ ಅಲ್ಲಿ ಬಿಟ್ಟಿತು. ಯಾರು ಕಲಿಸಿದರು ಇದನ್ನು? ನಾನಂತೂ ಅಲ್ಲ. (ಸುಳ್ಳು ಹೇಳಿದ್ದಕ್ಕೆ ಆಮೇಲೆ ಅಜ್ಜಿಯ ಕೈಲಿ ಬೈಸಿಕೊಂಡೆ. ಅದು ಬೇರೆ ಕಥೆ.)

ಶುಕ್ರವಾರ ಸಂಜೆ ಚಪ್ಪಲಿಯನ್ನೂ ಬಿಡದೆ ಸಬಿತಾ ಅಡುಗೆಮನೆಗೇ ನುಗ್ಗಿದಳು. ಫ್ಯಾಕ್ಟರಿಯವರು ಕೊಟ್ಟ ಚೀಟಿಯಲ್ಲಿ ನಾವು ಅಭ್ಯಾಸ ಮಾಡದ ಪದವೊಂದಿತ್ತಂತೆ. ಕ್ಲಿಪ್.

‘ಒಂದು ಸೆಕೆಂಡ್ ನಿಂತೆ ಅಕ್ಕ. ಚಿಕ್ಕ ಸ್ವರ, ಡಬಲ್ ಅಂದ್ಕೊಂಡೆ. ಕ್ಲಿಪ್ಪು ಸರಿಯಾಗಿ ಹಾಕಿ ಅಂದ್ಬಿಟ್ಟೆ.’

‘ಆಮೇಲೆ?’

‘ಯಾರೂ ನಗಲಿಲ್ಲ ಅಕ್ಕ.’

ಲೀಡರ್ ಆದದ್ದನ್ನು ಹೇಳಲು ಅವಳಿಗೆ ನೆನಪಾಗಿದ್ದು ಕಾಫಿ ಕುಡಿದ ಮೇಲೆ!

ಅವತ್ತಿನಿಂದ ನಾನು ತರಕಾರಿ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕಿವಿ ಕೊಟ್ಟು ನಿಲ್ಲುತ್ತೇನೆ. ಎಷ್ಟೊಂದು ನಿಯಮಗಳು! ಎಲ್ಲರೂ ಪಾಲಿಸುತ್ತಾರೆ, ಯಾರಿಗೂ ಗೊತ್ತಿಲ್ಲ.

ಬೆಳಗಾದರೆ ಬಾಯಿ ತೆರೆಯುತ್ತೇವೆ, ಸರಿ. ನಮ್ಮ ಮಾತನ್ನು ನಾವೇ ಕೇಳಿಸಿಕೊಳ್ಳುವುದು ಯಾವಾಗ?