ಸೀಮೆಯಲ್ಲಿ ಇಡದ ಮೊಸರನ್ನ

ನಂಬದವರು ನನ್ನ ಕೊರಳನ್ನು ನೋಡಬಹುದು, ಗಾಯದ ಕಲೆ ಈಗಲೂ ಇದೆ. ಅದು ಯಾರ ಕೈ ಮಾಡಿದ್ದು ಎಂಬುದಷ್ಟೇ ನನಗೆ ಖಚಿತವಿಲ್ಲ...

ಧಾರವಾಡದಲ್ಲಿ ವಿಜ್ಞಾನ ಓದಿದವನು ನಾನು. ಮೈಮೇಲೆ ದೇವರು ಬರುವುದೆಂದರೆ ನಗುತ್ತಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸು. ಮಸಗುಪ್ಪಿಯಲ್ಲಿದ್ದ ನನ್ನ ಕಾಕಾನ ಮಗ ಬಸುವಿಗೆ ಅವನ ತಾಯಿಯೇ ಮೂತ್ರಪಿಂಡ ಕೊಟ್ಟಿದ್ದಳು. ಅದನ್ನು ದೇಹ ಒಪ್ಪಿಕೊಳ್ಳಲೆಂದು ನುಂಗುತ್ತಿದ್ದ ಗುಳಿಗೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸಿದ್ದವು. ಅಂಥವನಿಗೆ ಸೀತಾಳೆ ಸಿಡುಬು ಎದ್ದಿತು. ಊರವರ ಪಾಲಿಗೆ ಅದು ರೋಗವಲ್ಲ, ಮನೆಗೆ ಬಂದ ಅಮ್ಮ.

ಕತ್ತಲಾಗುವಾಗ ಜೀಪು ಮಾಡಿಕೊಂಡು ಹೋದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗೆ ಬಸುವಿನ ತುಟಿ ನೀಲಿಯಾಗಿತ್ತು. ಎದೆಯೊಳಗೆ ಗಡಿಗೆ ಕುದಿಯುವ ಸದ್ದು...

ಬಸುವಿನ ತಾಯಿ, ನನ್ನ ಕಾಕು, ಅಡ್ಡ ನಿಂತಳು. "ಅಮ್ಮನ್ನ ಕಳಸೋತನಕ ಹೊಸ್ತಲಾ ದಾಟಿಸಬಾರದಪಾ."

"ಸತ್ತ ಮ್ಯಾಲೆ ದಾಟಸ್ತೀ ಏನ ಕಾಕು?"

ಬಸು ನರಳಿದ. ಕಾಕು ಕರಗಿದಳು. "ತಡಿ, ಮೊಸರನ್ನ ಕಟಗೊಂತೇನಿ. ಸೀಮ್ಯಾಗ ಒಂದ ನಿಮಿಷ ನಿಲ್ಲಸು, ಆಕಿಗೆ ಉಣ್ಣಾಕಿಟ್ಟು ಕಳಸ್ತೇನಿ."

ಊರ ಸೀಮೆ ಬಂತು. "ನಿಲ್ಲಸೋ!" ಎಂದಳು ಮುಂದೆ ಕೂತಿದ್ದ ಕಾಕು. "ನಿಲ್ಲಸಬ್ಯಾಡ, ಹೊಡಿ," ಎಂದೆ ನಾನು ಚಾಲಕ ಅಪ್ಪಾಸಾಬನಿಗೆ.

ಜೀಪು ಸೀಮೆ ದಾಟಿತು. ಹಸಿ ಬೇವಿನ ಕಟು ವಾಸನೆ ಒಮ್ಮೆಲೇ ಮೂಗಿಗೆ ಅಡರಿತು...

ಬಸುವಿನ ತಲೆ ನನ್ನ ತೊಡೆಯ ಮೇಲಿತ್ತು. ಎರಡು ಕೈಗಳು ನನ್ನ ಗಂಟಲು ಹಿಡಿದವು. ಉಗುರುಗಳು ಚರ್ಮ ಹರಿದು ಒಳಗಿಳಿದವು. ನನ್ನ ತಲೆ ಜೀಪಿನ ಕಬ್ಬಿಣಕ್ಕೆ ಅಪ್ಪಳಿಸಿತು. ಒಮ್ಮೆ... ಮತ್ತೊಮ್ಮೆ... ಬಾಯಿತುಂಬ ರಕ್ತ. ಕಿವಿ ಬಿರಿಯುವ ಹೆಣ್ಣುದನಿ:

"ಉಪಾಸ ಕಳಸ್ತೀ ಏನಲೇ ನನ್ನ?"

ಜೀಪು ಕಿರುಚಿ ನಿಂತಿತು. ಕಾಕು ಮೊಸರನ್ನದ ಗಂಟು ಹಿಡಿದು ಕತ್ತಲಲ್ಲಿ ಸೀಮೆಯತ್ತ ಓಡಿದಳು. ಸ್ವಲ್ಪ ಹೊತ್ತಿಗೆ ಕೈಗಳು ತಾವಾಗಿ ಸಡಿಲಾದವು.

ಗೋಕಾಕದ ದವಾಖಾನೆಯಲ್ಲಿ ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಗುಳ್ಳಿ ಎಬ್ಬಿಸಿದ ವೈರಸ್ಸ ಪುಪ್ಪುಸಕ್ಕ ಇಳದೈತ್ರಿ. ಬೆಳಗಾವಿಗೆ ಒಯ್ಯಬೇಕು. ನಿಮ್ಮ ಕೊರಳಿಗೇನಾತು?"

"ಇಂವನ ಹಿಚಕಿದಾರಿ. ಚೀರಿದ."

"ತಮಾಷಿ ಮಾಡಬ್ಯಾಡ್ರಿ. ಇವರಿಗೆ ಕೈ ಎತ್ತಾಕ ತ್ರಾಣಿಲ್ಲ. ಒಂದ ಮಾತಾಡಾಕೂ ಉಸರಿಲ್ಲ."

ಆಮ್ಲಜನಕ, ಸೂಜಿಮದ್ದು, ಬೆಳಗಾವಿಯಲ್ಲಿ ಬಹಳ ದಿನ... ಬಸು ಬದುಕಿದ. ಔಷಧದಿಂದ ಎನ್ನುತ್ತೇನೆ ನಾನು. ಮೊಸರನ್ನದಿಂದ ಎನ್ನುತ್ತಾಳೆ ಕಾಕು.

ಆದರೆ ಆ ರಾತ್ರಿ ದವಾಖಾನೆಯ ಹೊರಗೆ ಅಪ್ಪಾಸಾಬ ಸೀಟಿನ ರಕ್ತ ಒರೆಸುತ್ತಿದ್ದ. ನನ್ನ ಮುಖ ನೋಡಲಿಲ್ಲ.

"ಆ ದನಿ ಕೇಳಿದಿ ಏನೋ?" ಮೆಲ್ಲಗೆ ಕೇಳಿದೆ.

"ಕೇಳಿದ್ನಿರಿ."

"ಬಸೂಂದಾ?"

ಅವನು ಬಟ್ಟೆ ಹಿಂಡಿದ. "ಜೀಪಿನ ಕನ್ನಡ್ಯಾಗ ನೋಡಿದ್ನಿರಿ ಸರ್. ಅವರು ಮಲಗೇ ಇದ್ರು. ಬಾಯಿ ತಗದಿದ್ದು ನೀವರಿ. ಕೊರಳ ಹಿಡದಿದ್ದೂ... ನಿಮ್ಮ ಕೈನ."

ಕತ್ತಲಲ್ಲಿ, ಅಷ್ಟು ಸಣ್ಣ ಕನ್ನಡಿಯಲ್ಲಿ ಅವನಿಗೇನು ಕಂಡೀತು ಎಂದು ವಾದಿಸಬಲ್ಲೆ. ಆದರೂ ಮಲಗುವ ಮುಂಚೆ ಬೆರಳು ಚಾಚಿ ನೋಡಿಕೊಳ್ಳುತ್ತೇನೆ. ಉಗುರು ಚೂರು ಬೆಳೆದಿದ್ದರೂ ಆಗಲೇ ಕತ್ತರಿಸುತ್ತೇನೆ...