ಮೊದಲು ತಾಯಿಯನ್ನು ತೋರಿಸಿ

ಹಿರೇಕೊಡಿಗೆಯ ಪುಟ್ಟಪ್ಪನಷ್ಟು ಪುಕ್ಕಲು ಮನುಷ್ಯನನ್ನು ನಾನು ಕಂಡಿಲ್ಲ. ಜಯಪುರದಲ್ಲಿ ಹಿಂಡಿ, ಬೂಸಾ ಮಾರುವ ಅಂಗಡಿ ನನ್ನದು. ಗಂಡ ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ, ಮೂಟೆ ಸಾಗಿಸುವ ಪಿಕಪ್ಪನ್ನೂ ನಾನೇ ಓಡಿಸುತ್ತೇನೆ. ಸುತ್ತಲಿನ ಊರುಗಳಲ್ಲಿ ದನ ಸಾಕುವವರೆಲ್ಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಇಳಿದವರೇ. ಆದರೆ ಬಸ್ಸು ತಿರುವಿನಲ್ಲಿ ವಾಲಿದರೆ ಕಣ್ಣು ಮುಚ್ಚಿಕೊಳ್ಳುವ, ಗುಡುಗಿದರೆ ಫೋನನ್ನು ಅಕ್ಕಿ ಡಬ್ಬದೊಳಗೆ ಹೂತಿಡುವ ಗಂಡಸು ಇವನೊಬ್ಬನೇ. ಸಂಜೆಯ ಬೆಳಕು ಸ್ವಲ್ಪ ಮಂದವಾದರೆ ಸಾಕು, ಮಾತು ಅರ್ಧಕ್ಕೇ ಬಿಟ್ಟು ಮನೆಗೆ ಓಡುತ್ತಿದ್ದ.

ತಮಾಷೆಯೆಂದರೆ, ದನ ಕೊಳ್ಳುವಾಗ ಊರವರಿಗೆ ಇವನೇ ಬೇಕಾಗಿತ್ತು. ಧೈರ್ಯವಂತರು ಕೊಂಬಿನ ಚಂದ ನೋಡಿ, ಮೈಯ ಮಿಂಚು ನೋಡಿ ಮರುಳಾಗುತ್ತಿದ್ದರು. ಪುಟ್ಟಪ್ಪ ಯಾವುದಕ್ಕೂ ಮರುಳಾಗುತ್ತಿರಲಿಲ್ಲ, ಏಕೆಂದರೆ ಅವನಿಗೆ ಎಲ್ಲದರ ಮೇಲೂ ಅನುಮಾನ. ಕೊಟ್ಟಿಗೆಗೆ ಕಾಲಿಟ್ಟವನೇ ಕರುವನ್ನು ಕಣ್ಣೆತ್ತಿಯೂ ನೋಡದೆ, "ಮೊದ್ಲು ತಾಯಿ ತೋರ್ಸಿ ಮಾರಾಯ್ರೆ" ಅನ್ನುತ್ತಿದ್ದ. ತಾಯಿಯ ಸುತ್ತ ದೂರದಿಂದಲೇ ಒಂದು ಸುತ್ತು ಬಂದು ಅದರ ಸೊಂಟ ನೋಡುವನು, ಕೆಚ್ಚಲು ನೋಡುವನು. ತಾಯಿ ಇಲ್ಲ ಅಂದರೆ ಅಲ್ಲಿಂದಲೇ ವಾಪಸು.

"ತಾಯಿ ಎಂತಕ್ಕೆ ಇಲ್ಲ ಅಂತ ಹೆದ್ರಿಕೆ ಆಗ್ತದೆ ಅಕ್ಕ" ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದ.

ಅವನು ಸಾಕುತ್ತಿದ್ದದ್ದು ನಮ್ಮ ಮಲೆನಾಡು ಗಿಡ್ಡ ಮಾತ್ರ. ಹೆಸರಿಗೆ ತಕ್ಕಂತೆ ಗಿಡ್ಡ, ನಿಂತರೆ ಮನುಷ್ಯನ ಸೊಂಟದ ಹತ್ತಿರ ಬಂದೀತು. ಬೆಟ್ಟಕ್ಕೆ ಬಿಟ್ಟರೆ ತಾನೇ ಮೇದುಕೊಂಡು ಸಂಜೆಗೆ ತಾನೇ ಬರುತ್ತದೆ. ಗಬ್ಬದ ದಿನ ತುಂಬಿದರೆ ಯಾರಿಗೂ ಹೇಳದೆ ಕಾಡಿನ ಮೂಲೆ ಸೇರಿ ಈಯುತ್ತದೆ, ಕರುವನ್ನು ಪೊದೆಯಲ್ಲಿ ಬಚ್ಚಿಟ್ಟು, ಅದು ಕಾಲೂರಿದ ಮೇಲೆ ಕರೆದುಕೊಂಡು ಬರುತ್ತದೆ. ಹಾಗೆ ಹೋದ ದನವನ್ನು ಹುಡುಕಬಾರದು ಎಂಬುದು ನಮ್ಮ ಕಡೆಯ ಕಟ್ಟುಪಾಡು. ಹುಡುಕಿದರೆ ಬೆದರಿ ಕರುವನ್ನು ಬಿಟ್ಟು ಹೋಗುತ್ತದೆ ಅನ್ನುತ್ತಾರೆ.

ಕೌಲಿ ಅವನ ಮನೆಯಲ್ಲೇ ಹುಟ್ಟಿದ ಗಿಡ್ಡ. ಹೆಂಡತಿ ಗಿರಿಯಮ್ಮ ಹುಲ್ಲು ಹಾಕುವವಳು, ಆದರೆ ಕೌಲಿ ಬಾಲ ಬಡಿಯುತ್ತ ಹಿಂದೆ ಬರುತ್ತಿದ್ದದ್ದು ಪುಟ್ಟಪ್ಪನ ಹಿಂದೆ. ಅವಳ ಕೊರಳಿಗೆ ಅವನೇ ಕೆತ್ತಿದ ಮರದ ಗಂಟೆಯನ್ನು ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದ್ದ. ಆ ಗಂಟೆ ಕೇಳಿಸುತ್ತಿರುವಷ್ಟು ಹೊತ್ತು ಅವನಿಗೆ ಅಷ್ಟಾಗಿ ಭಯವಿರಲಿಲ್ಲ.

ಕೌಲಿ ಮೊದಲ ಸಲ ಬೆದೆಗೆ ಬರುವ ಹೊತ್ತಿಗೆ ನರಸಿಂಹರಾಜಪುರದಿಂದ ಗಿರಿಯಮ್ಮನ ತಮ್ಮ ರಾಕೇಶ ಬಂದ. ಅವನದು ಹಾಲಿನ ದನಗಳ ಶೆಡ್ಡು. ಸಿಕ್ಕಿದವರಿಗೆಲ್ಲ ಫೋನಿನಲ್ಲಿ ಹೊರದೇಶದ ದನ ತೋರಿಸುವುದು ಅವನಿಗೊಂದು ಹುಚ್ಚು. ನನ್ನ ಅಂಗಡಿಯಲ್ಲೇ ಭಾವನಿಗೂ ತೋರಿಸಿದ. ಹಾಲಿಗಲ್ಲ, ಮಾಂಸಕ್ಕೆಂದೇ ಸಾಕುವ ಜಾತಿಗಳು. ಬಿಳಿ ಮುಖದ ಹೆರ್‌ಫೋರ್ಡ್, ಹಾಲುಗೆನೆ ಬಣ್ಣದ ಶಾರೊಲೆ, ಕೊಂಬಿಲ್ಲದ ಕಪ್ಪು ಆಂಗಸ್. ಕೊನೆಗೆ ಬೆಲ್ಜಿಯನ್ ಬ್ಲೂ ಎಂಬ ಹೋರಿ ಬಂತು. ತೊಡೆ, ಬೆನ್ನು ಎಲ್ಲ ಗಂಟುಗಂಟು, ಚರ್ಮ ಈಗ ಹರಿಯುತ್ತದೋ ಇನ್ನೊಂದು ಗಳಿಗೆಗೆ ಹರಿಯುತ್ತದೋ ಅನ್ನುವ ಹಾಗೆ. ಅಂಗಡಿಯಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

ಪುಟ್ಟಪ್ಪನ ಮುಖ ಮಾತ್ರ ಸಣ್ಣಗಾಯಿತು. "ಇದು ಹುಟ್ಟೂದು ಹೆಂಗೆ?" ಎಂದು ಕೇಳಿದ.

"ಹೊಟ್ಟೆ ಕೊಯ್ದು ತೆಗೀತಾರೆ ಭಾವ. ಹೆಚ್ಚಿನವು ಹಂಗೇ ಹುಟ್ಟೂದು" ಎಂದ ರಾಕೇಶ, ಅದೇನೋ ಹೆಮ್ಮೆಯ ಸಂಗತಿ ಎಂಬಂತೆ.

"ಎಲ್ಲ ಹಂಗೇನಾ?"

"ಅಲ್ಲ ಮಾರಾಯ್ರೆ, ಆ ಕಪ್ಪು ಆಂಗಸ್ ಹಂಗಲ್ಲ. ಅದ್ರ ಕರು ಸಣ್ಣದು, ಸಲೀಸಾಗಿ ಬರ್ತದೆ. ಮೊದಲ್ನೇ ಸಲ ಈಯೋ ಕಡಸಿಗೆ ಅದೇ ಒಳ್ಳೇದು ಅಂತಾರೆ."

"ಹಂಗಾರೆ ಅದನ್ನೇ ಇನ್ನೊಂದ್ಸಲ ತೋರ್ಸು" ಎಂದ ಪುಟ್ಟಪ್ಪ.

ಎಲ್ಲರೂ ಗೊಳ್ಳೆಂದರು. ಆ ದನಗಳೇನೂ ನಮ್ಮ ಕೊಟ್ಟಿಗೆಗೆ ಬರುವಂಥವಲ್ಲ. ಆದರೆ ರಾಕೇಶನ ತಲೆಯಲ್ಲಿ ದೊಡ್ಡದು ಎಂಬ ಭೂತ ಹೊಕ್ಕಾಗಿತ್ತು. ಕೌಲಿಗೆ ಎಚ್‌ಎಫ್ ಎಂಬ ದೊಡ್ಡ ಹಾಲಿನ ಜಾತಿಯ ಹೋರಿಯ ವೀರ್ಯದ ಕಡ್ಡಿಯನ್ನೇ ಹಾಕಿಸಬೇಕು, ಎತ್ತರದ ಕರು ಹುಟ್ಟುತ್ತದೆ, ಕೊಟ್ಟಿಗೆಗೆ ಕಳೆ ಬರುತ್ತದೆ ಎಂದು ಹಟ ಹಿಡಿದ. ಮನೆಮನೆಗೆ ಬಂದು ದನಗಳಿಗೆ ಕಡ್ಡಿ ಹಾಕುವ ದೇವರಾಜ ಅಲ್ಲೇ ಇದ್ದ. ಗಿಡ್ಡಕ್ಕೆ ಗಿಡ್ಡದ್ದೇ ಸಾಕು ಎಂದು ಅವನು ಗೊಣಗಿದ.

"ಭಾವ, ನಿಮ್ಮ ಮನೇಲಿ ಎಲ್ಲ ಗಿಡ್ಡ ಆಗಿರೋದು ನೀವು ಹೆದ್ರಿ ಹೆದ್ರಿಯೇ" ಎಂದ ರಾಕೇಶ.

ಮತ್ತೆ ನಗು. ಪುಟ್ಟಪ್ಪ ಎಲ್ಲರ ಮುಖ ನೋಡಿದ, ನೆಲ ನೋಡಿದ. ನನಗೆ ರಾಕೇಶನ ಕೆನ್ನೆಗೊಂದು ಬಿಡುವಷ್ಟು ಸಿಟ್ಟು ಬಂದಿತ್ತು. ಅಷ್ಟರಲ್ಲಿ ಪುಟ್ಟಪ್ಪ, "ಆಯ್ತು, ಅದನ್ನೇ ಹಾಕು" ಎಂದುಬಿಟ್ಟ. ಜೀವಮಾನದಲ್ಲಿ ಅವನು ಧೈರ್ಯ ಮಾಡಿ ಆಡಿದ ಮಾತು ಅದೊಂದೇ ಇರಬೇಕು.

ಗಬ್ಬ ನಿಂತಿತು, ಪುಟ್ಟಪ್ಪನ ನಿದ್ದೆ ಹೋಯಿತು. ಕೌಲಿಯ ಹೊಟ್ಟೆಗೆ ಟವೆಲ್ಲು ಸುತ್ತಿ ಅಳೆಯುವುದು, ಮಾರನೆಯ ದಿನ ಮತ್ತೆ ಅಳೆದು ಬಂದು ನನ್ನೆದುರು ಬೆವರುವುದು ಅವನ ದಿನಚರಿಯಾಯಿತು.

"ಹಿಂಡಿ ಬೇಡ ಅಕ್ಕ, ತಿಂದ್ರೆ ಒಳಗೆ ಕರು ಬೆಳೀತದೆ."

"ತಿನ್ನದೇ ಇದ್ರೆ ತಾಯಿಗೆ ಶಕ್ತಿ ಎಲ್ಲಿಂದ ಬರ್ತದೆ? ಸುಮ್ನೆ ತಗೊಂಡ್ಹೋಗು" ಎಂದು ಗದರಿಸಿ ಕಳುಹಿಸುತ್ತಿದ್ದೆ. ಅವನು ಹೊರಟ ಮೇಲೆ ಅವನ ಭಯ ನನ್ನ ಅಂಗಡಿಯಲ್ಲೇ ಉಳಿಯುತ್ತಿತ್ತು. ಕೌಲಿಯ ಸೊಂಟ ಎಷ್ಟು ಕಿರಿದು ಎಂದು ನಾನೂ ನೋಡಿದ್ದೆನಲ್ಲ.

ಬೇಸಗೆಯ ಒಂದು ಮಧ್ಯಾಹ್ನ ಬೂಸಾ ಇಳಿಸಲು ಹಿರೇಕೊಡಿಗೆಗೆ ಹೋದಾಗ ಪುಟ್ಟಪ್ಪ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಕೌಲಿ ಹಿಂದಿನ ಸಂಜೆ ಬೆಟ್ಟದಿಂದ ಬಂದಿರಲಿಲ್ಲ.

"ಈಯ್ಲಿಕ್ಕೆ ಹೋಗಿದಾಳೆ, ತಾನೇ ಬರ್ತಾಳೆ. ಹುಡುಕ್ಲಿಕ್ಕೆ ಹೋಗ್ಬಾರ್ದು ಅಂತ ಇವ್ರಿಗೆ ಹೇಳಿ ಅಕ್ಕ" ಎಂದಳು ಗಿರಿಯಮ್ಮ. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲ ಹಾಗೇ ಕಾದವರು.

ಪುಟ್ಟಪ್ಪ ನಿಂತ. "ಗಿಡ್ಡದ ಹೊಟ್ಟೇಲಿ ಗಿಡ್ಡದ ಕರು ಇದ್ರೆ ಕಾಯ್ಬಹುದು ಮಾರಾಯ್ತಿ. ಅವಳ ಹೊಟ್ಟೇಲಿ ಇರೋದು ಎಂತದು?"

ಗಿರಿಯಮ್ಮನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಆ ಕಟ್ಟುಪಾಡು ಗಿಡ್ಡದ ಕರು ಹೊತ್ತ ಗಿಡ್ಡಕ್ಕೆಂದು ಹುಟ್ಟಿದ್ದು ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಡಾಕ್ಟರಿಗೆ ಫೋನು ಮಾಡಿದೆವು. ಅವರು ಶೃಂಗೇರಿಯಾಚೆ ಇನ್ನೊಂದು ದನದ ಹೆರಿಗೆಯಲ್ಲಿದ್ದರು. ದೇವರಾಜ ಹತ್ತಿರದಲ್ಲೇ ಇದ್ದ, ಬೈಕಿನಲ್ಲಿ ಬಂದ. ಬಂದವನೇ ಫೋನು ಹಿಡಿದು ತೋರಿಸಿದ. ಊರಿನ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯೇ ಸುದ್ದಿ ಬಂದಿತ್ತು. ಒಂಟಿ ಆನೆ, ಕೌಲಿ ಮೇಯುವ ಸೊಪ್ಪಿನ ಬೆಟ್ಟದಲ್ಲೇ ಇದೆ, ಯಾರೂ ಹೋಗಬಾರದು. ಪುಟ್ಟಪ್ಪ ಅದನ್ನು ಓದಿದ. ಆಮೇಲೆ ಚಪ್ಪಲಿ ಬಿಚ್ಚಿ ಜಗುಲಿಯ ಕೆಳಗಿಟ್ಟ, ತರಗೆಲೆಯ ಮೇಲೆ ಸದ್ದಾಗಬಾರದು ಎಂದು.

ಪಿಕಪ್ಪನ್ನು ಬೆಟ್ಟದ ಬುಡದಲ್ಲಿ ನಿಲ್ಲಿಸಿ ಮೂವರೂ ಹತ್ತಿದೆವು. ನಾನೇಕೆ ಹೋದೆನೋ ಇವತ್ತಿಗೂ ಗೊತ್ತಿಲ್ಲ. ಒಂದೊಂದು ಹೆಜ್ಜೆಗೂ ಎಲೆ ಹಪ್ಪಳದಂತೆ ಮುರಿಯುತ್ತಿತ್ತು. ಸ್ವಲ್ಪ ಮೇಲೆ ಆನೆಗೆ ಪ್ರಿಯವಾದ ಬಗನೆ ಮರವೊಂದು ಸೀಳಿಕೊಂಡು ಬಿದ್ದಿತ್ತು, ಪಕ್ಕದಲ್ಲಿ ಹಸಿ ಲದ್ದಿ. ದೇವರಾಜ ಅದರ ಮೇಲೆ ಅಂಗೈ ಹಿಡಿದು ನೋಡಿ, ಇನ್ನೂ ಬಿಸಿಯಿದೆ ಎಂದು ಸನ್ನೆ ಮಾಡಿದ. ನನಗೆ ಅಲ್ಲಿಂದಲೇ ಹಿಂದಕ್ಕೆ ಓಡಬೇಕೆನಿಸಿತು. ಪುಟ್ಟಪ್ಪ ಕೇಳಿಸಿಕೊಳ್ಳುತ್ತ ನಿಂತಿದ್ದ. ಎಡಗಡೆ ಪೊದೆಯ ಆಚೆ ಮರದ ಗಂಟೆ ಒಮ್ಮೆ ಟೊಕ್ಕೆಂದಿತು, ಮತ್ತೆ ಸದ್ದಿಲ್ಲ.

ಕೌಲಿ ಮಗ್ಗುಲಾಗಿ ಬಿದ್ದಿದ್ದಳು. ಕರುವಿನ ಮುಂಗಾಲು ಎರಡೂ ಹೊರಗೆ ಬಂದಿದ್ದವು, ಮೂತಿಯ ತುದಿಯೂ ಕಾಣುತ್ತಿತ್ತು. ಅಷ್ಟಕ್ಕೇ ನಿಂತುಬಿಟ್ಟಿತ್ತು. ಆ ಕಾಲುಗಳ ದಪ್ಪ ಅವಳದೇ ಕಾಲಿನಷ್ಟಿತ್ತು. ಎಷ್ಟು ಹೊತ್ತಿನಿಂದ ತಿಣುಕುತ್ತಿದ್ದಳೋ, ಕಣ್ಣು ಗುಳಿ ಬಿದ್ದಿತ್ತು. ಪುಟ್ಟಪ್ಪನನ್ನು ಕಂಡು ಬಾಲದ ತುದಿ ಒಮ್ಮೆ ಆಡಿಸಿದಳು.

"ಭುಜ ಸಿಕ್ಕಿಕೊಂಡಿದೆ. ಎಳೀಲೇಬೇಕು" ಎಂದು ದೇವರಾಜ ಪಿಸುಗುಟ್ಟಿದ.

ಪುಟ್ಟಪ್ಪನ ಟವೆಲ್ಲನ್ನೇ ಕರುವಿನ ಕಾಲಿಗೆ ಬಿಗಿದು ನಾನೂ ದೇವರಾಜನೂ ಎಳೆದೆವು. ಕೌಲಿ ನೋವಿಗೆ ಅಂಬಾ ಎಂದು ಅರಚಿದಳು. ಮೇಲಿನ ಬಿದಿರ ಮೆಳೆಯಲ್ಲಿ ಕೊಂಬೆ ಮುರಿಯುತ್ತಿದ್ದ ಸದ್ದು ಥಟ್ಟನೆ ನಿಂತಿತು. ಆ ಮೌನದಷ್ಟು ಭಯಂಕರವಾದದ್ದನ್ನು ನಾನು ಕೇಳಿಲ್ಲ. ಬಿದಿರಿನ ನಡುವೆ ಬೂದು ಬಣ್ಣದ್ದೊಂದು ನಿಂತಿತ್ತು, ಕಿವಿ ಬೀಸುವುದನ್ನೂ ನಿಲ್ಲಿಸಿ. ಪುಟ್ಟಪ್ಪ ಕೌಲಿಯ ತಲೆಯನ್ನು ತೊಡೆಗೆಳೆದುಕೊಂಡು ಅವಳ ಬಾಯಿಯನ್ನು ಎರಡೂ ಕೈಯಿಂದ ಹಿಡಿದ.

"ಕೂಗ್ಬೇಡ ಮಗಾ. ಕೂಗ್ಬೇಡ. ನಾನಿದೀನಿ."

ನಾವು ಎಳೆದೆವು. ಕೌಲಿಯ ಮೈ ನಡುಗಿತು, ಮೂಗಿನಿಂದ ಬುಸುಬುಸು ಉಸಿರು ಬಂತು, ಆದರೆ ಅವಳು ಮತ್ತೆ ಕೂಗಲಿಲ್ಲ. ಕರು ಒಮ್ಮೆಲೇ ಜಾರಿ ಬಂದು ನನ್ನ ಮಡಿಲಿಗೆ ಬಿತ್ತು. ಹೆಣ್ಣು, ಜೀವ ಇತ್ತು. ಹಿಂದೆಯೇ ರಕ್ತ ಬಂತು, ನಿಲ್ಲದ ರಕ್ತ. ಕೌಲಿ ಏಳಲು ನೋಡಿದಳು, ಹಿಂಗಾಲು ಏಳಲಿಲ್ಲ.

"ಕರು ತಗೊಂಡು ನೀವಿಬ್ರೂ ಹೋಗಿ, ಜನ ಕರ್ಕೊಂಡು ಬನ್ನಿ" ಎಂದ ಪುಟ್ಟಪ್ಪ.

"ನೀನು?"

"ನಾನು ಬಿಟ್ರೆ ಅವ್ಳು ಕೂಗ್ತಾಳೆ ಅಕ್ಕ. ಕೂಗಿದ್ರೆ ಅದು ಬರ್ತದೆ."

ಅವನ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು, ಮಾತು ತುಂಡುತುಂಡಾಗಿ ಬರುತ್ತಿತ್ತು. ಆದರೂ ಎದ್ದೇಳಲಿಲ್ಲ. ನಾವು ಕರುವನ್ನು ಹೊತ್ತು ಇಳಿದೆವು. ಊರವರನ್ನು ಸೇರಿಸಿದೆವು, ಡಾಕ್ಟರು ಹೊರಟಿದ್ದೇನೆ ಎಂದರು. ಪಟಾಕಿ ಸಿಡಿಸೋಣ ಎಂದವರನ್ನು ನಾನೇ ತಡೆದೆ. ಬೆದರಿದ ಆನೆ ಯಾವ ಕಡೆಗೆ ನುಗ್ಗುತ್ತದೆಂದು ಯಾರಿಗೆ ಗೊತ್ತು? ಅವನು ಅಲ್ಲೇ ಕೂತಿದ್ದಾನಲ್ಲ. ಮತ್ತೆ ಬೆಟ್ಟ ಹತ್ತುವಾಗ ನನ್ನ ಕಿವಿ ಒಂದೇ ಸದ್ದಿಗಾಗಿ ಕಾಯುತ್ತಿತ್ತು, ಆ ಮರದ ಗಂಟೆಗೆ. ಅದು ಕೇಳಿಸಲಿಲ್ಲ.

ಆನೆ ಅಲ್ಲಿರಲಿಲ್ಲ. ಬಿದಿರು ತುಳಿದ ಗುರುತು ಅವರಿಬ್ಬರ ತೀರಾ ಹತ್ತಿರದವರೆಗೆ ಬಂದು ಪಕ್ಕಕ್ಕೆ ತಿರುಗಿತ್ತು. ಪುಟ್ಟಪ್ಪ ಹಾಗೇ ಕೂತಿದ್ದ, ತೊಡೆಯ ಮೇಲೆ ಕೌಲಿಯ ತಲೆ, ಎರಡೂ ಕೈ ಅವಳ ಬಾಯಿಯ ಮೇಲೆ. ಕೌಲಿಯ ಕಣ್ಣಿನ ಮೇಲೆ ನೊಣ ಕೂತಿತ್ತು. ನಾನು ಮೆಲ್ಲಗೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಕೂಗ್ಲೇ ಇಲ್ಲ ಅಕ್ಕ" ಎಂದ. "ಅದು ಹತ್ರ ಬಂದಾಗ್ಲೂ ಕೂಗ್ಲಿಲ್ಲ."

ರಾಕೇಶ ಮಾರನೆಯ ದಿನ ಬಂದು ಜಗುಲಿಯಲ್ಲಿ ತಲೆ ತಗ್ಗಿಸಿ ಕೂತು ಹೋದ. ಪುಟ್ಟಪ್ಪ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಿತ್ತು ಎಂದು ನನ್ನ ಸಿಟ್ಟು.

ಕರುವನ್ನು ಗಿರಿಯಮ್ಮ ಬಾಟಲಿ ಹಾಲಿನಲ್ಲಿ ಬೆಳೆಸಿದಳು. ಅದು ಬೆಳೆದದ್ದೂ ಹಾಗೇ. ಮುಂದಿನ ವರ್ಷದ ಮಳೆಗಾಲ ಕಳೆಯುವಷ್ಟರಲ್ಲಿ ಕೊಟ್ಟಿಗೆಯ ಗಿಡ್ಡಗಳೆಲ್ಲ ಅದರ ಕಂಕುಳ ಕೆಳಗೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಪುಟ್ಟಪ್ಪ ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಕೊಟ್ಟುಬಿಡೋಣ ಎಂದು ಗಿರಿಯಮ್ಮ ಹೇಳಿದ್ದರಿಂದ ನಾನೇ ಮೇಗುಂದದ ರೇಣುಕಪ್ಪನನ್ನು ಕರೆದುಕೊಂಡು ಹೋದೆ. ಹಿಂದೆ ಪುಟ್ಟಪ್ಪನ ಜೊತೆ ತಿರುಗಿ ದನ ಆರಿಸುವುದನ್ನು ಕಲಿತವನು ಅವನು. ಕರುವನ್ನು ಕಂಡು ಅವನ ಕಣ್ಣರಳಿತು, ಆದರೆ ಕಲಿತದ್ದನ್ನು ಮರೆಯಲಿಲ್ಲ.

"ಕರು ಭಾರಿ ಉಂಟು ಪುಟ್ಟಣ್ಣ. ಮೊದ್ಲು ತಾಯಿ ತೋರ್ಸಿ" ಎಂದು ನಕ್ಕ.

ಅವನಿಗೆ ವಿಷಯ ಹೇಳದೆ ಕರೆತಂದಿದ್ದ ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ಪುಟ್ಟಪ್ಪ ಒಳಗೆ ಹೋದ. ಗೂಟಕ್ಕೆ ನೇತುಹಾಕಿದ್ದ ಮರದ ಗಂಟೆಯನ್ನು, ಅದರ ನಾರಿನ ಹಗ್ಗದ ಸಮೇತ ತಂದ. ಮೊದಲ ಸಲ ಆ ಕರುವಿನ ಪಕ್ಕದಲ್ಲಿ ನಿಂತು ಹಗ್ಗವನ್ನು ಅದರ ಕೊರಳಿಗೆ ಸುತ್ತಿದ. ಎರಡೂ ತುದಿ ಕೂಡಲಿಲ್ಲ. ಎಳೆದು ಹಿಡಿದರೂ ನಡುವೆ ಒಂದು ಗೇಣು ಉಳಿಯಿತು. ಆ ಹಗ್ಗವನ್ನು ಬಿಚ್ಚಿ ಅವನು ರೇಣುಕಪ್ಪನ ಮುಂದೆ ಹಿಡಿದ.

"ತಾಯಿ ಇಷ್ಟೇ ಇದ್ಲು ರೇಣುಕಪ್ಪ" ಎಂದ. "ನಂಗೆ ಗೊತ್ತಿತ್ತು."