ಅಪ್ಪಾ, ಕಾಲು ಮ್ಯಾಲ ತಗೋ

ಆಗ ನಮ್ಮ ಬೆಟಗೇರಿಯ ಓಣಿಯಲ್ಲಿ ಬೆಳಗಾಯಿತು ಅಂತ ಹೇಳಲು ಕೋಳಿ ಬೇಕಿರಲಿಲ್ಲ. ಮನೆಮನೆಯಲ್ಲಿ ಮಗ್ಗ ಶುರುವಾಗುತ್ತಿತ್ತು. ಆ ಖಟಕ್ ಖಟಕ್ ಕೇಳಿ ಬೆಳೆದವರು ಇನ್ನೂ ಒಂದಿಷ್ಟು ಮಂದಿ ಇದ್ದೀರಿ, ನಿಮಗೆ ಹೆಚ್ಚು ಹೇಳಬೇಕಾಗಿಲ್ಲ.

ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಅಪ್ಪನೂ ನೇಕಾರನೇ. ನಮ್ಮಲ್ಲಿ ಒಂದು ರೂಢಿ ಇತ್ತು. ಸಂಜೆ ಪ್ರಾರ್ಥನೆಗೆ ಕೂತಾಗ ಪ್ರತಿಯೊಬ್ಬರೂ ಸತ್ಯವೇದದ ಒಂದು ವಚನ ಓದಬೇಕು, ಆಮೇಲೆ ರೊಟ್ಟಿ. ಅಣ್ಣ ಓದುತ್ತಿದ್ದ, ಅವ್ವ ಓದುತ್ತಿದ್ದಳು. ನನ್ನ ಪಾಳಿ ಬಂದರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಶಾಲೆಯಲ್ಲೂ ಅದೇ ಗೋಳು. ಮಾಸ್ತರರ ಬೆತ್ತಕ್ಕೆ ಹೆದರಿ ಲಂಗ ಒದ್ದೆ ಮಾಡಿಕೊಂಡು ಬಂದ ದಿನ ಅಪ್ಪ ನನ್ನ ಪಾಟಿಚೀಲ ತೆಗೆದು ಗೂಟಕ್ಕೆ ಹಾಕಿದ.

"ನಾಳಿಂದ ಶಾಲಿ ಬ್ಯಾಡ. ಮನ್ಯಾಗ ನಾನ ಕಲಸ್ತೀನಿ."

ಮನೆಯ ಶಾಲೆ ಅಂದರೆ ಮಗ್ಗದ ಕುಣಿಯ ದಂಡೆ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ಅಪ್ಪ ನೇಯುತ್ತಿದ್ದ. ನಾನು ಪಕ್ಕದಲ್ಲಿ ಸತ್ಯವೇದ ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ತಪ್ಪಿದರೆ ಅಪ್ಪ ಹೊಡೆಯುತ್ತಿರಲಿಲ್ಲ, ನನ್ನ ಜೊತೆ ಮಾತು ಬಿಡುತ್ತಿದ್ದ. ನನಗೆ ಬೆತ್ತಕ್ಕಿಂತ ಅದರದ್ದೇ ಹೆದರಿಕೆ. ತಪ್ಪಿಸಿಕೊಳ್ಳಲು ಒಮ್ಮೆ ಹೊಟ್ಟೆನೋವು ಅನ್ನುತ್ತಿದ್ದೆ, ಒಮ್ಮೆ ಹಿತ್ತಲಿಗೆ ಮಂಗ ಬಂತು ಅನ್ನುತ್ತಿದ್ದೆ.

ಕಣ್ಣು ಪುಸ್ತಕದಲ್ಲಿದ್ದರೂ ಕಿವಿ ಮಗ್ಗದಲ್ಲಿ. "ಅಪ್ಪಾ, ಎಳಿ ಹರೀತು" ಅನ್ನುತ್ತಿದ್ದೆ. "ಪುಸ್ತಕ ನೋಡು" ಅನ್ನುತ್ತಿದ್ದ. ಬೆರಳಗಲ ನೇಯ್ದ ಮೇಲೆ ಹರಿದ ಎಳೆ ಅವನ ಕಣ್ಣಿಗೆ ಬೀಳುತ್ತಿತ್ತು. ಗಂಟು ಹಾಕಿ ಮತ್ತೆ ನೇಯುತ್ತಿದ್ದ. ಮೊರ ಹಿಡಿದು ಕಾಳು ಹಸನು ಮಾಡುತ್ತಿದ್ದ ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಪಂಚಮಿ ಹತ್ತಿರ ಬಂತು. ಪಕ್ಕದ ಮನೆಯ ನೀಲವ್ವ ಉಂಡಿಗೆ ಎಳ್ಳು, ಶೇಂಗಾ ಹುರಿಯುವ ವಾಸನೆ ಗೋಡೆ ದಾಟಿ ಬರುತ್ತಿತ್ತು. ಜಿಟಿಜಿಟಿ ಮಳೆಯಲ್ಲೇ ಹುಡುಗಿಯರು ಜೋಕಾಲಿ ಜೀಕುತ್ತಿದ್ದರು.

"ಈ ಒಂದು ಸಾಲು ಓದು, ಜೋಕಾಲಿಗೆ ಹೋಗು" ಅಂದ ಅಪ್ಪ.

ಆಗ ಕೇಳಿಸಿತು. ಕುಣಿಯೊಳಗೆ, ಹಲಗೆಯ ಸಪ್ಪಳದ ಕೆಳಗೆ, ಒಣ ಹಾಳೆ ಎಳೆದ ಹಾಗೆ. ಹಿಂದೆಯೇ ಸಣ್ಣಗೆ ಒಂದು ಬುಸ್.

"ಅಪ್ಪಾ, ಕಾಲು ಮ್ಯಾಲ ತಗೋ."

"ಓದು."

"ಕುಣ್ಯಾಗ ಏನೋ ಐತಿ."

"ನಿನ್ನೆ ಮಂಗ್ಯಾ ಬಂದಿತ್ತು. ಇವತ್ತ ಏನು, ಆನಿ ಬಂತೇನು? ಓದು, ಆಮ್ಯಾಲ ತಗೋತೀನಿ."

ಓದಿದರೆ ಕಾಲು ತೆಗೆಯುತ್ತಾನೆ. ಜನ್ಮದಲ್ಲಿ ಅಷ್ಟು ಆಸೆಯಿಂದ ನಾನು ಅಕ್ಷರ ನೋಡಿರಲಿಲ್ಲ. ಒಂದೂ ನಿಲ್ಲಲಿಲ್ಲ. ಅಪ್ಪ ತುಳಿಯುತ್ತಲೇ ಇದ್ದ. ಹಲಗೆ ಕೆಳಗಿಳಿದಾಗ ಆ ಸಪ್ಪಳ ನಿಲ್ಲುತ್ತಿತ್ತು, ಮೇಲೆದ್ದಾಗ ಮತ್ತೆ ಬರುತ್ತಿತ್ತು. ನನ್ನ ಲಂಗ ಒದ್ದೆಯಾಯಿತು.

ಅವ್ವ ಮೊರ ಬಿಸಾಡಿ ಎದ್ದಳು.

"ಏನು ಕೇಳ್ತು ನಿನಗ?"

"ಹಾಳಿ ಎಳದಂಗ. ಅಪ್ಪನ ಎಡಗಾಲ ಬಾಜೂಕ."

"ರೀ, ಕಾಲು ತಗೀರಿ."

"ನೀನೂ ಆಕಿ ಬೆನ್ನಿಗೆ ನಿಂತೇನು?"

"ಈ ಹುಡುಗಿ ಎಳಿ ಹರೀತು ಅಂದಾಗ ಒಮ್ಮಿಯಾದ್ರೂ ಸುಳ್ಳಾಗೇತೇನ್ರಿ? ತಗೀರಿ ಮೊದಲ!"

ಅಪ್ಪ ನನ್ನ ಮುಖ ನೋಡಿದ. ಕಾಲು ಮೇಲೆ ತೆಗೆದ. ಮಗ್ಗ ನಿಂತಿತು. ಆಗ ಎಲ್ಲರಿಗೂ ಕೇಳಿಸಿತು. ಅವ್ವ ಕಂದೀಲು ಇಳಿಬಿಟ್ಟು ನೋಡಿದರೆ, ಅಪ್ಪನ ಎಡಗಾಲು ಇದ್ದಲ್ಲಿ ನಾಗರಹಾವು ಹೆಡೆ ಎತ್ತಿತ್ತು.

ಅಪ್ಪ ಬಡಿಗೆ ಹಿಡಿದ. "ಇದರ ತಲಿ ಜಜ್ಜಬೇಕಂತ ಸತ್ಯವೇದದಾಗ ಬರದೈತಿ."

ಗದ್ದಲ ಕೇಳಿ ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು. "ಪಂಚಮ್ಯಾಗ ನಾಗಪ್ಪನ್ನ ಹೊಡೀತೀಯೇನೋ? ಬರದದ್ದು ಆಮ್ಯಾಲ ಓದ್ಕೋ, ಹಿತ್ತಲ ಬಾಗಿಲಾ ತೆರಿ!"

ತೆರೆದ. ಬಡಿಗೆಯಿಂದ ಕೆದಕಿದಾಗ ಅದು ಮೇಲೆ ಬಂದು, ಬಚ್ಚಲ ಬದಿಯಿಂದ ಹೊರಗೆ ಹರಿಯಿತು. ನೀಲವ್ವ ಕಣ್ಣು ಮುಚ್ಚಿ ಕೈಮುಗಿದಳು. ಅಪ್ಪನೂ ಪ್ರಾರ್ಥನೆ ಮಾಡಿದ, ಕಣ್ಣು ತೆರೆದುಕೊಂಡೇ.

ಆ ಸಂಜೆ ನನ್ನ ಪಾಳಿ ಬಂದಾಗ ಅಪ್ಪ ಪುಸ್ತಕ ತನ್ನ ಕಡೆ ಎಳೆದುಕೊಂಡ. ಇನ್ನು ಮಾತು ಬಿಟ್ಟ ಅಂತ ನನ್ನ ಜೀವ ಹಾರಿತು. "ನಾ ಓದ್ತೀನಿ. ನೀ ಕೇಳು, ಕೇಳಿ ಹೇಳು" ಅಂದ. ಓದಿದ. ಒಂದಕ್ಷರ ಬಿಡದೆ ಹೇಳಿದೆ. ಅವ್ವ ರೊಟ್ಟಿ ಹಾಕಿದಳು.

ಮರುದಿನದಿಂದ ಮಗ್ಗದ ಬದಿಗೆ ಪುಸ್ತಕವಿಲ್ಲದೆ ಕೂತೆ. ನಾನು ಹರೀತು ಅಂದರೆ ಅಪ್ಪ ಕೈ ನಿಲ್ಲಿಸುತ್ತಿದ್ದ. ಹೆದರಿಕೆ ಮಾತ್ರ ಹೋಗಲಿಲ್ಲ. ದೊಡ್ಡವಳಾಗಿ ನಾನೇ ನೇಯುವಾಗಲೂ ಕಿವಿಗೊಟ್ಟು ಕೇಳದೆ ಕುಣಿಗೆ ಕಾಲು ಇಳಿಬಿಟ್ಟವಳಲ್ಲ. ಓದು ಬಸ್ಸಿನ ಬೋರ್ಡಿನ ಮಟ್ಟಕ್ಕೆ ನಿಂತಿತು. ಇದನ್ನೂ ನಾನು ಹೇಳಿದ್ದು, ಬರೆದವಳು ಮೊಮ್ಮಗಳು.

ಈಗ ಓಣಿಯಲ್ಲಿ ಮಗ್ಗವಿಲ್ಲ. ಕುಣಿ ಮುಚ್ಚಿ ಫರಶಿ ಕಲ್ಲು ಹಾಸಿದ್ದಾರೆ. ನನ್ನ ಕಿವಿಯೂ ಹೋಗಿದೆ. ಮೊನ್ನೆ ಮಳೆಯಲ್ಲಿ ಮಂಚದ ಕೆಳಗೆ ಏನೋ ಸರಿದ ಹಾಗಾಯಿತು. "ಕಾಲು ಮ್ಯಾಲ ತಗೋರ್ಲೇ" ಅಂದೆ. ಮೊಬೈಲು ನೋಡುತ್ತ ಕೂತ ಮೊಮ್ಮಕ್ಕಳು ನಕ್ಕರು. "ಅಜ್ಜಿಗೆ ಕಿವಿನ ಕೇಳಂಗಿಲ್ಲ, ಆಕಿಗೇನು ಕೇಳಿಸೀತು!"

ಅದೂ ಖರೆಯೇ. ನಾನು ನನ್ನ ಕಾಲು ಮೇಲೆ ತೆಗೆದುಕೊಂಡು ಕೂತೆ.